ಹೋಬರ್ಟನ ಕೋವಿಗೆ ಬಿದ್ದ ಕಟ್ಟು

“ಅದಕ್ಕೆ ತೂತು ಕೊರೀಬೇಡ, ಡ್ವೇನ್.”

ವರ್ಡೀ ಕೊಟ್ಟಿಗೆಯ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಕಾಲಿಡಲಿಲ್ಲ. ಕೈಯಲ್ಲಿದ್ದ ಕಾಫಿ ಲೋಟದ ಹಬೆ ನವೆಂಬರಿನ ಗಾಳಿಗೆ ಅಡ್ಡಡ್ಡ ಹರಿದುಹೋಗುತ್ತಿತ್ತು.

ಡ್ವೇನ್ ತಲೆ ಎತ್ತಲಿಲ್ಲ. ಅವಳ ಅಪ್ಪ ಹೋಬರ್ಟನ ಕೋವಿ ಬೆಂಚಿಗೆ ಬಿಗಿದ ಕಬ್ಬಿಣದ ಇಕ್ಕಳದ ಬಾಯಲ್ಲಿ ಸಿಕ್ಕಿಕೊಂಡು, ಚರ್ಮ ಸುಲಿಯಲು ಕಟ್ಟಿಹಾಕಿದ ಪ್ರಾಣಿಯ ಹಾಗೆ ಬೆನ್ನು ತೋರಿಸುತ್ತಿತ್ತು. ಎಣ್ಣೆಯ ವಾಸನೆ, ಕಬ್ಬಿಣದ ಪುಡಿಯ ವಾಸನೆ.

“ಅಪ್ಪ ಸಾಯೋ ಮುಂಚೆ ಏನಂದಿದ್ದ ಅಂತ ನಿಂಗೆ ನೂರು ಸಲ ಹೇಳಿದೀನಿ. ಮುಖ ಗುರುತು ಸಿಗದಷ್ಟು ದೂರಕ್ಕೆ ಈ ಕೋವಿ ಹೊಡೀಬಾರದು. ಐವತ್ತು ಹೆಜ್ಜೆ, ಅಷ್ಟೇ. ಬೇಕಾದ್ರೆ ಚಿಕ್ಕಪ್ಪನ ಕೋವಿ ಇಸ್ಕೋ. ಇದು ಬೇಡ. ಇದು ಒಂದು ಸಲ ನಮ್ಮನೆ ರಕ್ತ ಕುಡಿದಿದೆ.”

ಕುಡಿದಿತ್ತು, ಸುಳ್ಳಲ್ಲ. ಹದಿನೆಂಟು ವರ್ಷದ ಹಿಂದೆ ಎದುರು ದಿಣ್ಣೆಯ ಮೇಲೆ ಕಂದುಬಣ್ಣದ್ದೇನೋ ಅಲುಗಿತು, ಹೋಬರ್ಟ್ ಹೊಡೆದ. ಅದು ಜಿಂಕೆಯಲ್ಲ, ಅವನ ಮಗ ರೂಬೆನ್ ಹಾಕಿಕೊಂಡಿದ್ದ ಕೋಟು. ಅವತ್ತಿನಿಂದ ಹೋಬರ್ಟ್ ಆ ಕೋವಿಯಲ್ಲಿ ಐವತ್ತು ಹೆಜ್ಜೆ ದಾಟಿ ಒಂದು ಗುಂಡೂ ಹೊಡೆಯಲಿಲ್ಲ. ಸ್ಪೈಸರ್ ಕೊಳ್ಳದಲ್ಲಿ ಇದು ಗೊತ್ತಿಲ್ಲದವರಿಲ್ಲ.

“ನಿಮ್ಮಪ್ಪನ ಹತ್ರ ಅವತ್ತು ದುರ್ಬೀನಿದ್ದಿದ್ರೆ ನಿಮ್ಮಣ್ಣನ ಮುಖ ಕಾಣ್ತಿತ್ತು ಕಣೇ,” ಎಂದ ಡ್ವೇನ್. “ಇವತ್ತಿಗೂ ಬದುಕಿರ್ತಿದ್ದ.”

ಮಾತು ನಿಜವೇ. ಅದರ ಕೆಟ್ಟತನವೇ ಅದು. ನಿಜವನ್ನು ಕಲ್ಲಿನ ಹಾಗೆ ಎತ್ತಿ ಎಸೆಯುವ ಗಂಡಸರಿರುತ್ತಾರೆ. ಡ್ವೇನ್ ಅಂಥವನು.

ವರ್ಡೀ ಲೋಟದಲ್ಲಿ ಉಳಿದ ಕಾಫಿಯನ್ನು ಅಂಗಳಕ್ಕೆ ಚೆಲ್ಲಿದಳು. ಆಮೇಲೆ, “ಸರಿ, ಮೇಲೆ ಏನಾದ್ರೂ ಮಾಡ್ಕೋ. ನಳಿಗೆ ಕೂತಿರೋ ಕೆಳಗಿನ ಮರ ಮಾತ್ರ ಬಿಚ್ಚಬೇಡ. ಅದು ಅಪ್ಪ ತನ್ನ ಕೈಯಾರೆ ಕೆತ್ತಿದ್ದು. ಮಾತು ಕೊಡು,” ಎಂದಳು.

“ಕೊಟ್ಟೆ. ಹೋಗು, ಚಳಿ ಒಳಗೆ ಬರ್ತಿದೆ.”

ಅವಳು ಹೋದಳು. ಅವನು ಡ್ರಿಲ್ ಒತ್ತಿದ. ಕಬ್ಬಿಣ ಕಿರುಚಿತು.

ಡ್ವೇನ್ ಓಹಾಯೋದ ಬಯಲಿನವನು. ಟೈರು ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಯಂತ್ರ ರಿಪೇರಿ ಮಾಡಿದವನು. ಕಾರ್ಖಾನೆಗೆ ಬೀಗ ಬಿದ್ದ ಮೇಲೆ ವೆಸ್ಟ್ ವರ್ಜೀನಿಯಾದ ಈ ಕೊಳ್ಳಕ್ಕೆ, ಹೆಂಡತಿಯ ಅಪ್ಪನ ಮನೆಗೆ ಬಂದಿದ್ದ. ಇಲ್ಲಿ ಅವನಿಗೆ ಹೆಸರಿರಲಿಲ್ಲ, ಎಲ್ಲರೂ ‘ಓಹಾಯೋ’ ಎಂದೇ ಕರೆಯುತ್ತಿದ್ದರು.

ಈ ಕೊಳ್ಳದಲ್ಲೊಂದು ಪದ್ಧತಿ. ಜಿಂಕೆಗೆ ಗುಂಡು ತಪ್ಪಿಸಿದವನ ಅಂಗಿಯ ಹಿಂಬಾಲ ಕತ್ತರಿಸಿ ಶಿಕಾರಿ ಗುಡಿಸಲ ಗೋಡೆಗೆ ಮೊಳೆ ಹೊಡೆಯುತ್ತಾರೆ. ಅದರ ಕೆಳಗೆ ಇದ್ದಿಲಲ್ಲಿ ಅವನ ಹೆಸರು. ಎರಡು ವರ್ಷದಲ್ಲಿ ಡ್ವೇನನ ಎರಡು ಅಂಗಿಬಾಲ ಆ ಗೋಡೆ ಸೇರಿದ್ದವು. ಮೂರನೆಯದು ಬಿದ್ದರೆ ಗಂಡಸರ ಜತೆ ಗುಡಿಸಲಲ್ಲಿ ಜಾಗವಿಲ್ಲ. ಹೆಂಗಸರ ಜತೆ ಕೂತು ಬೀನ್ಸು ಸುಲಿಯಬೇಕು. ತಮಾಷೆಯೇ. ಆದರೆ ಕೆಲಸ ಕಳೆದುಕೊಂಡು ಹೆಂಡತಿ ಮನೆಯಲ್ಲಿ ಉಣ್ಣುವವನಿಗೆ ಅದು ತಮಾಷೆಯಾಗಿ ಕೇಳುವುದಿಲ್ಲ. ಈ ಸೋಮವಾರ ಶಿಕಾರಿ ಶುರು. ಈ ಸಲ ಗಂಡುಜಿಂಕೆಯೊಂದನ್ನು ಕೊಟ್ಟಿಗೆಯ ತೊಲೆಗೆ ನೇತುಹಾಕದಿದ್ದರೆ ನಾನು ನಾನೇ ಅಲ್ಲ ಎಂದು ಅವನು ಆಣೆ ಇಟ್ಟುಕೊಂಡಿದ್ದ.

ಕೆಲಸ ಅವನು ಅಚ್ಚುಕಟ್ಟಾಗಿಯೇ ಮಾಡಿದ್ದ. ನಾಲ್ಕು ತೂತು, ಕೂದಲೆಳೆ ಆಚೀಚೆ ಇಲ್ಲ. ಅದರ ಮೇಲೆ ಪಟ್ಟಿ, ಪಟ್ಟಿಯ ಮೇಲೆ ಎರಡು ಬಳೆ, ಬಳೆಗಳ ಒಳಗೆ ಹೊಸ ದುರ್ಬೀನು. ಗುರುವಾರ ಮನೆಯ ಹಿಂದಿನ ಹೊಲದಲ್ಲಿ ಹಿಟ್ಟಿನ ಚೀಲಗಳ ಮೇಲೆ ಕೋವಿಯನ್ನು ಮಲಗಿಸಿ, ನೂರು ಹೆಜ್ಜೆ ದೂರದ ಕಾಗದದ ತಟ್ಟೆಗೆ ಹೊಡೆದ.

ಮೊದಲನೆಯದು ನಡುವಿನ ಚುಕ್ಕೆಗೆ ತಾಗಿದಂತೆ ಬಿತ್ತು. ಎರಡನೆಯದು ಗೇಣುದ್ದ ಬಲಕ್ಕೆ. ಮೂರನೆಯದು ಇನ್ನೂ ಬಲಕ್ಕೆ, ಇನ್ನೂ ಮೇಲಕ್ಕೆ. ನಾಲ್ಕನೆಯದು ತಟ್ಟೆಯಲ್ಲೇ ಇರಲಿಲ್ಲ.

ಕೋವಿ ತಣ್ಣಗಾಗಲು ಬಿಟ್ಟ. ಮತ್ತೆ ಹೊಡೆದ. ಮೊದಲನೆಯದು ನಡುವಿಗೆ. ಉಳಿದವು ಬಲಕ್ಕೆ, ಮೇಲಕ್ಕೆ, ಯಾರೋ ನಳಿಗೆಯನ್ನು ಮೆತ್ತಗೆ ಕೈಯಿಂದ ತಳ್ಳುತ್ತಿರುವ ಹಾಗೆ.

ಯಂತ್ರದ ಮನುಷ್ಯ ಸೋಲಲಿಲ್ಲ. ಪಟ್ಟಿಯ ತಿರುಪು ಬಿಚ್ಚಿ, ಎಣ್ಣೆ ಒರೆಸಿ, ಅಂಟು ಹಾಕಿ ಮತ್ತೆ ಬಿಗಿದ. ಅದೇ. ಬಳೆ ಬದಲಿಸಿದ. ಅದೇ. ನಳಿಗೆಯೊಳಗೆ ಮೂಗು ಉರಿಯುವ ದ್ರಾವಣ ಬಿಟ್ಟು, ಬಿಳಿಬಟ್ಟೆ ಬಿಳಿಯಾಗೇ ಹೊರಬರುವ ತನಕ ಉಜ್ಜಿದ. ಬಾಯಂಚಿನಲ್ಲಿ ಹತ್ತಿ ಆಡಿಸಿ ನೋಡಿದ. ಎಲ್ಲೂ ಎಳೆ ಸಿಕ್ಕಿಕೊಳ್ಳಲಿಲ್ಲ, ಅಂಚು ಮುಕ್ಕಾಗಿಲ್ಲ. ಗುಂಡಿನ ಜಾತಿ ಬದಲಿಸಿದ, ಮೂರು ಡಬ್ಬಿ, ಮೂರು ತೂಕ. ಅದೇ, ಅದೇ, ಅದೇ.

ಶುಕ್ರವಾರ ವರ್ಡೀಯ ಚಿಕ್ಕಪ್ಪ ಓರ್ವಿಲ್ ತನ್ನ ದುರ್ಬೀನು ತಂದು ಕೊಟ್ಟ. ಅದನ್ನು ಕೂರಿಸಿದರೂ ಅದೇ. ಕೊನೆಗೆ ಓರ್ವಿಲನೇ ಕೂತು ಹೊಡೆದ. ಎಪ್ಪತ್ತರ ಮುದುಕ, ಓಡುವ ಅಳಿಲಿನ ಕಣ್ಣಿಗೆ ಹೊಡೆಯುವವನು. ಅವನ ಗುಂಡುಗಳೂ ಅದೇ ಬಲಕ್ಕೆ, ಅದೇ ಮೇಲಕ್ಕೆ ನಡೆದವು.

“ಏನ್ ಓಹಾಯೋ, ಟೈರಿಗೆ ಗಾಳಿ ತುಂಬ್ದಂಗಲ್ಲ ಇದು,” ಎಂದು ಓರ್ವಿಲ್ ಹೊಗೆಸೊಪ್ಪು ಉಗಿದ. “ತಣ್ಣಗಿದ್ದಾಗ ನೆಟ್ಟಗೆ, ಬಿಸಿಯಾದ್ರೆ ಸೊಟ್ಟ. ಮರ ಬಿಚ್ಚಿ ನೋಡಿದ್ಯಾ? ನಳಿಗೆಗೆ ಎಲ್ಲೋ ಏನೋ ತಾಗ್ತಿರ್ಬೇಕು.”

“ಮರ ನಲವತ್ತು ವರ್ಷದಿಂದ ಅಲ್ಲೇ ಇದೆ. ಹೊಸದು ಮೇಲೆ ಕೂತಿರೋದು. ತಪ್ಪು ಹೊಸದ್ರಲ್ಲೇ ಇರುತ್ತೆ, ಹಳೇದ್ರಲ್ಲಿ ಅಲ್ಲ. ನನ್ನ ಕೆಲಸ ನಂಗೆ ಕಲಿಸ್ಬೇಡ.”

“ಎರಡು ತಿರುಪು ಬಿಚ್ಚೋಕೆ ಏನಪ್ಪಾ ನಿಂಗೆ?”

“ಬಿಚ್ಚಲ್ಲ ಅಂತ ವರ್ಡೀಗೆ ಮಾತು ಕೊಟ್ಟಿದೀನಿ.”

ನೋಡಿ, ಈ ಮನುಷ್ಯ ಜನ್ಮದಲ್ಲಿ ಹೆಂಡತಿಗೆ ಕೊಟ್ಟು ಉಳಿಸಿಕೊಂಡ ಮಾತು ಇದೊಂದೇ. ಅಡಿಯ ತಿರುಪಿನ ಸೀಳಿನಲ್ಲಿ ಹೊಸ ಗೀರೊಂದು ಬೆಳ್ಳಗೆ ಹೊಳೆಯುತ್ತಿದ್ದುದು ಅವನ ಕಣ್ಣಿಗೆ ಬಿದ್ದೂ ಇತ್ತು. ಹೋಬರ್ಟ್ ಯಾವಾಗಲೋ ಬಿಚ್ಚಿರಬೇಕು ಅಂದುಕೊಂಡ. ಹಳೇ ಗೀರು ಕಪ್ಪಾಗುತ್ತದೆ, ಹೊಸದಷ್ಟೇ ಹೊಳೆಯುತ್ತದೆ ಎಂಬುದು ಅವನ ಕಸುಬಿನ ಮೊದಲ ಪಾಠ. ಅದನ್ನೇ ಮರೆತ.

ಓರ್ವಿಲ್ ಕೋವಿಯನ್ನು ತುಂಬ ಹೊತ್ತು ನೋಡಿದ. ಹತ್ತಿರ ಬಂದು ದನಿ ಇಳಿಸಿದ. “ಹಂಗಾದ್ರೆ ಇದಕ್ಕೆ ಯಾರೋ ಮಂತ್ರದ ಕಟ್ಟು ಹಾಕಿದಾರೆ.”

ಡ್ವೇನ್ ನಕ್ಕ. ಹೊಲದಾಚೆಯ ಕಾಗೆಗಳು ಹಾರುವಷ್ಟು ಜೋರಾಗಿ ನಕ್ಕ.

“ನಗು, ನಗು. ನಮ್ಮಜ್ಜನ ಕೋವಿಗೂ ಒಂದ್ಸಲ ಬಿದ್ದಿತ್ತು.”

“ಬಿಡಿಸೋದು ಹೆಂಗೆ ಮತ್ತೆ? ಅದಕ್ಕೂ ಸ್ಪ್ಯಾನರ್ ಇದ್ಯಾ?”

ಓರ್ವಿಲನಿಗೆ ಹೇಳುವ ಮನಸ್ಸಿರಲಿಲ್ಲ. ಆದರೆ ಆ ನಗು ಅವನನ್ನು ಕೆಣಕಿತ್ತು. “ಬೀಚ್ ಮರದ ಬೋಳು ತೊಗಟೆ ಮೇಲೆ ಇದ್ದಿಲಿಂದ ಒಂದು ಆಳಿನ ಚಿತ್ರ ಬರೀಬೇಕು. ಗುಂಡಿನ ಮೂತಿಗೆ ಬೆಳ್ಳಿ ಇಟ್ಟು ಹೊಡೀಬೇಕು. ಚಿತ್ರಕ್ಕೆ ಎಲ್ಲಿ ಬಿತ್ತೋ, ಕಟ್ಟು ಹಾಕಿದವರ ಮೈಗೂ ಅಲ್ಲೇ ಬೀಳುತ್ತೆ. ಆಮೇಲೆ ಅವರು ನಿನ್ನ ಕೈಯಿಂದ ಏನಾದ್ರೂ ಕೇಳ್ತಾರೆ. ಮೂರು ಸಲ. ಯಾಕೆ ಅಂತ ಬಾಯಿಬಿಟ್ಟು ಹೇಳಂಗಿಲ್ಲ, ಹೇಳಿದ್ರೆ ಆ ಕೇಳಿಕೆ ಹೋಯ್ತು. ಒಂದು ಹರಳು ಉಪ್ಪು ಕೊಟ್ರೂ ಅವರು ಬದುಕ್ತಾರೆ, ಕೋವಿಗೆ ಕಟ್ಟು ವಾಪಸ್ ಬೀಳುತ್ತೆ. ಮೂರು ಸಲವೂ ಇಲ್ಲ ಅಂದ್ರೆ…” ಅವನು ಮಾತು ಮುಗಿಸಲಿಲ್ಲ. “ಕೇಳು ಅಳಿಯಾ. ನೀನು ಯಾರ ಚಿತ್ರ ಬರೀತೀಯ ಅನ್ನೋದು ಲೆಕ್ಕಕ್ಕಿಲ್ಲ. ಯಾರು ಕಟ್ಟಿದಾರೋ ಅವರಿಗೇ ಹೋಗುತ್ತೆ ಗುಂಡು. ಯಾರು ಅಂತ ಗೊತ್ತಿಲ್ದೆ ಹೊಡೀಬೇಡ.”

“ಗೊತ್ತು ಬಿಡು,” ಎಂದ ಡ್ವೇನ್. “ಆ ಡೆಲ್ಫಾ ಮುದುಕಿ. ದಿನಾ ಬೇಲಿ ಹತ್ರ ನಿಂತು ನನ್ನನ್ನೇ ನೋಡ್ತಿರ್ತಾಳೆ.”

ಡೆಲ್ಫಾ ಕೊಳ್ಳದ ತುದಿಯ ಒಂಟಿ ಮನೆಯವಳು. ಸೂಲಗಿತ್ತಿ. ಸುಟ್ಟ ಗಾಯಕ್ಕೆ ಊದಿ ಉರಿ ತೆಗೆಯುತ್ತಾಳೆ, ಮಂತ್ರ ಹೇಳಿ ರಕ್ತ ನಿಲ್ಲಿಸುತ್ತಾಳೆ ಎಂದು ಜನ ಹೇಳುತ್ತಿದ್ದರು. ವರ್ಡೀ ಹುಟ್ಟಿದ್ದೂ ಅವಳ ಕೈಯಲ್ಲೇ.

ಶನಿವಾರ ಮಧ್ಯಾಹ್ನ ಡ್ವೇನ್ ಹೊಳೆಯಾಚೆಯ ಬೀಚ್ ಮರದ ಹತ್ತಿರ ಹೋದ. ನಂಬಿಕೆಯಿಂದಲ್ಲ. ಹೊಡೆದು ತೋರಿಸಿ, ಆಮೇಲೂ ಕೋವಿ ಸೊಟ್ಟವೇ ಹೋಗುವುದನ್ನು ತೋರಿಸಿ, ಗುಡಿಸಲಲ್ಲಿ ಎಲ್ಲರ ಮುಂದೆ ಮುದುಕನ ಮೀಸೆ ಇಳಿಸಬೇಕೆಂಬ ಹುರುಪಿಗೆ. ವರ್ಡೀಯ ಹೊಲಿಗೆ ಡಬ್ಬಿಯಿಂದ ಕದ್ದ ಬೆಳ್ಳಿ ಗುಂಡಿಯ ಚೂರು ಗುಂಡಿನ ಮೂತಿಯಲ್ಲಿತ್ತು. ದಾರಿಯುದ್ದಕ್ಕೂ ಕೋವಿಯನ್ನು ಬರಿದೇ ಬಿಡಲಿಲ್ಲ. ಎರಡು ಅಳಿಲು, ಒಂದು ಮರದ ಬೊಡ್ಡೆ, ಒಂದು ತಗಡಿನ ಡಬ್ಬಿಗೆ ಹೊಡೆಯುತ್ತಲೇ ಹೋದ. ನಳಿಗೆ ಬಿಸಿಯಾಗಿತ್ತು.

ಮರ ಬೂದುಬಣ್ಣದ ತೊಗಟೆಯ ದೊಡ್ಡ ಮರ. ಮುದುಕರ ಮೊಣಕೈಯ ಚರ್ಮದಂಥ ಮಡಿಕೆಗಳು. ಕೆಳಗೆ ಕೊಳೆತ ಎಲೆಗಳ ಹುಳಿವಾಸನೆ. ಅವನು ಗೂನು ಬೆನ್ನು ಬರೆದ, ಉದ್ದ ಮೂಗು ಬರೆದ, ಕೈಗೊಂದು ಕೋಲು ಕೊಟ್ಟ. “ಡೆಲ್ಫಜ್ಜೀ, ನಮಸ್ಕಾರ,” ಎಂದು ಟೋಪಿ ಎತ್ತಿದ.

ಅರವತ್ತು ಹೆಜ್ಜೆ ಹಿಂದೆ ಬಂದ. ಕೊಲ್ಲುವ ಮನಸ್ಸು ಅವನಿಗೂ ಇರಲಿಲ್ಲ, ಅಷ್ಟು ಹೇಳಲೇಬೇಕು. ಕೋಲಿನ ತುದಿಗೆ ಗುರಿ ಇಟ್ಟ. ಎಡಕ್ಕೆ, ಕೆಳಗೆ, ಮೈಯಿಂದ ದೂರ.

ಕಾಡು ಉಸಿರು ಹಿಡಿದಂತಾಯಿತು. ಹೊಳೆಯ ಸದ್ದೂ ಅಡಗಿತು.

ಟ್ರಿಗರ್ ಎಳೆದ.

ಆ ಕೊಳ್ಳದಲ್ಲಿ ಹೊಡೆದ ಪ್ರತಿ ಗುಂಡಿನ ಸದ್ದನ್ನು ಎದುರು ಬೆಟ್ಟ ತಿರುಗಿ ಕೊಡುತ್ತದೆ. ಈ ಸದ್ದನ್ನು ಕೊಡಲಿಲ್ಲ. ಬೆಟ್ಟ ಅದನ್ನು ನುಂಗಿಕೊಂಡಿತು.

ಡ್ವೇನ್ ಹತ್ತಿರ ಹೋಗಿ ನೋಡಿದ. ಕೋಲು ಹಾಗೇ ಇತ್ತು. ಗುಂಡು ಬಲಕ್ಕೆ, ಮೇಲಕ್ಕೆ ನಡೆದು, ಚಿತ್ರದ ಎದೆಯ ನಡುವೆ ಹೊಕ್ಕಿತ್ತು. ತೂತಿನಿಂದ ಏನೋ ತೆಳ್ಳಗೆ ಜಿನುಗುತ್ತಿತ್ತು. ಚಳಿಗಾಲದಲ್ಲಿ ಮರ ರಸ ಬಿಡುವುದಿಲ್ಲ. ಅವನು ಬೆರಳಿಂದ ಮುಟ್ಟಿದ. ಬೆಚ್ಚಗಿತ್ತು.

“ಗುಂಡಿನ ಬಿಸಿ,” ಎಂದು ಗಟ್ಟಿಯಾಗಿ ಹೇಳಿಕೊಂಡ. ಯಾರಿಗೆ ಹೇಳಿದನೋ.

ಮನೆಗೆ ಬಂದಾಗ ಅಡುಗೆಮನೆಯ ನೆಲದ ತುಂಬ ಒಡೆದ ಪಿಂಗಾಣಿ ಚೂರು. ಒಲೆಯ ಮೇಲೆ ಬೀನ್ಸು ತಳಹಿಡಿದು ಹೊಗೆ ಎದ್ದಿತ್ತು. ವರ್ಡೀ ಕುರ್ಚಿಯಲ್ಲಿ ಕೂತು ಎದೆಯ ಮೇಲೆ ಅಂಗೈ ಒತ್ತಿಕೊಂಡಿದ್ದಳು. ಅವಳ ತಾಮ್ರದ ಬಣ್ಣದ ಕೂದಲು ಬೆವರಿಗೆ ಹಣೆಗಂಟಿತ್ತು.

“ಏನಾಯ್ತೇ?”

ಅವಳು ಅವನನ್ನು ನೋಡಿದಳು, ಭುಜದ ಮೇಲಿದ್ದ ಕೋವಿಯನ್ನು ನೋಡಿದಳು, ಅವನ ಬೆರಳಿನ ಇದ್ದಿಲು ಮಸಿಯನ್ನು ನೋಡಿದಳು. ತುಟಿ ಅಲುಗಿತು. ಕೊನೆಗೆ, “ಬಗ್ಗಿದ್ದೆ. ಏನೋ ಚುಚ್ಚಿತು,” ಎಂದಳು. ಆಮೇಲೆ ಮೆಲ್ಲಗೆ, “ಡ್ವೇನ್, ಒಂದು ಲೋಟ ನೀರು ಕೊಡು.”

“ನಲ್ಲಿ ನಿನ್ನ ಬೆನ್ನ ಹಿಂದೇನೇ ಇದೆಯಲ್ಲೇ. ನಂಗೂ ಬೆಳಗ್ಗಿಂದ ಓಡಾಡಿ ಸಾಕಾಗಿದೆ,” ಎಂದು ಅವನು ಬೂಟು ಬಿಚ್ಚಲು ಕೂತ.

ಅವನು ಯೋಚಿಸಿ ಹೇಳಿದ ‘ಇಲ್ಲ’ ಅಲ್ಲ ಅದು. ದಿನಾ ಹೇಳುವ ‘ಇಲ್ಲ’.

ಭಾನುವಾರ ವರ್ಡೀ ಪ್ರಾರ್ಥನೆಗೆ ಹೋಗಲಿಲ್ಲ. ಡ್ವೇನ್ ಹೊಲಕ್ಕೆ ಹೋಗಿ ಮೂರು ಗುಂಡು ಹೊಡೆದ. ತಟ್ಟೆಯ ಹತ್ತಿರ ನಡೆದುಹೋದವನು ಅಲ್ಲೇ ನಿಂತುಬಿಟ್ಟ. ಮೂರೂ ಒಂದೇ ತೂತಿನಲ್ಲಿ. ಇನ್ನು ಹತ್ತು ಹೊಡೆದ, ಬಿಡುವು ಕೊಡದೆ, ನಳಿಗೆ ಮುಟ್ಟಲಾಗದಷ್ಟು ಕಾಯುವ ತನಕ. ಒಂದು ನಾಣ್ಯದಡಿ ಮುಚ್ಚುವಷ್ಟು ಜಾಗದಲ್ಲಿ ಹತ್ತೂ.

ತಟ್ಟೆಯನ್ನು ಕಿತ್ತು ಬೆಳಕಿಗೆ ಹಿಡಿದ. ಆಮೇಲೆ ಖುಷಿ ಏರಿತು. ನಿಜ ಹಾಗಾದರೆ! ಕಟ್ಟು ನಿಜ, ಮುದುಕಿಯೂ ನಿಜ. ಸಿಕ್ಕಿಬಿದ್ದಳು. ನಂಬದಿದ್ದಾಗ ಮೂರ್ಖನಾಗಿದ್ದವನು, ನಂಬಿದ ಗಳಿಗೆಯಿಂದ ಅದಕ್ಕಿಂತ ದೊಡ್ಡ ಮೂರ್ಖನಾದ.

ಮಧ್ಯಾಹ್ನ ಬಾಗಿಲು ಸದ್ದಾಯಿತು. ಡೆಲ್ಫಾ. ಗಂಡಸಿನ ಹಳೇ ಕೋಟು, ಕೆಸರು ಬೂಟು, ಬೇರುಗಳ ವಾಸನೆ. ಬೆನ್ನು ನೆಟ್ಟಗೇ ಇತ್ತು. ಮೈಯಲ್ಲಿ ಎಲ್ಲೂ ಪೆಟ್ಟಿನ ಗುರುತಿರಲಿಲ್ಲ. ಅದನ್ನು ಅವನು ನೋಡಲಿಲ್ಲ.

“ಬಂದ್ಯಾ? ಏನ್ ಕೇಳೋಕೆ ಬಂದೆ? ಉಪ್ಪಾ? ಬೆಂಕಿಪೊಟ್ಟಣಾನಾ?” ಅವನು ಬಾಗಿಲಿಗೆ ಅಡ್ಡ ನಿಂತ.

“ನಂಗೇನೂ ಬೇಡ ಮಗಾ.”

“ಬೇಡ್ವಂತೆ! ಕೊಡಲ್ಲ ಹೋಗು. ನಿನ್ನ ಆಟ ಮುಗೀತು.”

“ನಂಗೇನೂ ಕೊಡಬೇಡ. ಒಳಗಿರೋಳು ಕೇಳಿದ್ದು ಕೊಡು.” ಮುದುಕಿ ಅವನ ತೋಳು ಹಿಡಿದಳು. “ಒಂದು ಕೇಳಿ ಆಗಿದೆ. ಎರಡು ಉಳಿದಿವೆ. ಏನೇ ಕೇಳ್ಲಿ, ಕೊಡು. ಇದಕ್ಕಿಂತ ಜಾಸ್ತಿ ನಾನು ಹೇಳಿದ್ರೆ ಅವಳಿಗೇ ಮುಳುವು.”

“ಓಹೋ, ನನ್ನ ಹೆಂಡ್ತಿ ಬಾಯಲ್ಲಿ ಕೇಳಿಸ್ತೀಯಾ? ಅವಳ ಎದೆನೋವು ನಿಂದೇ ಕೆಲಸ ತಾನೆ?”

ಡೆಲ್ಫಾ ಅವನನ್ನು ದಾಟಿ ಒಳಗೆ ನೋಡಿದಳು. ಅಡುಗೆಮನೆಯ ಬಾಗಿಲಲ್ಲಿ ವರ್ಡೀ ಚೌಕಟ್ಟು ಹಿಡಿದು ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮುದುಕಿಯ ಕಣ್ಣಲ್ಲಿ ನೀರಿತ್ತು. ವರ್ಡೀ ತಲೆ ಅಲ್ಲಾಡಿಸಿದಳು, ಬೇಡ ಎನ್ನುವ ಹಾಗೆ.

“ಹೊಡೆಯೋ ಕೋವಿಗೆ ದುರ್ಬೀನು ಹಾಕ್ಕೊಂಡೆ,” ಎಂದಳು ಡೆಲ್ಫಾ, “ಮನೆಯೊಳಗಿನ ಮುಖ ಕಾಣ್ಲಿಲ್ವಲ್ಲೋ ಪಾಪೀ ನಿಂಗೆ.”

ಅವನು ಬಾಗಿಲನ್ನು ಅವಳ ಮುಖಕ್ಕೆ ಬಡಿದ.

ಅವತ್ತು ಸಂಜೆ ವರ್ಡೀಗೆ ನಡುಕ ಹತ್ತಿತು. ಒಲೆಗೆ ಎಷ್ಟು ಕಲ್ಲಿದ್ದಲು ಸುರಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಬೆಟ್ಟದಾಚೆ ಡಾಕ್ಟರ ಹತ್ತಿರ ಹೋಗೋಣವಾ ಎಂದು ಡ್ವೇನ್ ಕೇಳಿದ. ಕೇಳಿದ್ದೇನೋ ಕೇಳಿದ, ಮರುಗಳಿಗೆಗೇ, “ನಾಳೆ ಶಿಕಾರಿ ಮುಗಿದ್ಮೇಲೆ ಹೋದ್ರೂ ನಡೆಯುತ್ತಲ್ವಾ?” ಎಂದೂ ಸೇರಿಸಿದ.

“ಡಾಕ್ಟರ ಕೈಲಿಲ್ಲ ಇದು,” ಎಂದಳು ವರ್ಡೀ. ಅವನ ಮುಖವನ್ನೇ ನೋಡುತ್ತ, ಒಂದೊಂದೇ ಅಕ್ಷರ ಎತ್ತಿಡುವವಳ ಹಾಗೆ, “ನಿನ್ನ ಕೋಟು ಕೊಡು, ಹೊದ್ಕೋತೀನಿ.”

ಕೋಟು ಹೊರಗೆ ಕೊಟ್ಟಿಗೆಯ ಮೊಳೆಗೆ ನೇತಾಡುತ್ತಿತ್ತು. ಎರಡು ದಿನದಿಂದ ಅದಕ್ಕೆ ಪೈನ್ ಸೊಪ್ಪಿನ ಹೊಗೆ ಹಾಕಿ, ಸೋಪು, ಬೆವರು, ಅಡುಗೆ ಯಾವ ವಾಸನೆಯೂ ಇಲ್ಲದಂತೆ ಮಾಡಿದ್ದ. ಜಿಂಕೆಯ ಮೂಗು ಮನುಷ್ಯನ ಕಣ್ಣಿಗಿಂತ ಚುರುಕು.

“ಅದಕ್ಕೆ ಮನೆವಾಸನೆ ಹತ್ತುತ್ತೆ ಕಣೇ. ನಾಳೆಗೆ ಬೇಕು. ಕಂಬಳಿ ಇಲ್ವಾ?”

“ಕಂಬಳಿ ಬೇಡ. ನಿನ್ನ ಕೋಟು.”

“ವರ್ಡೀ, ಇದೊಂದು ದಿನ. ಒಂದೇ ಒಂದು ದಿನ ನಂಗೆ ಬಿಟ್ಟುಕೊಡು.”

ಅವಳು ಕಣ್ಣು ಮುಚ್ಚಿಕೊಂಡಳು. ಮುಚ್ಚಿದ ರೆಪ್ಪೆಯ ಕೆಳಗಿನಿಂದ ನೀರು ಇಳಿದು ಕಿವಿಯ ಕಡೆ ಹರಿಯಿತು. ಮುದುಕಿಯ ಮಾತು ಅವನ ತಲೆಯ ಯಾವುದೋ ಮೂಲೆಯಲ್ಲಿ ಒಂದು ಸಲ ಬಾಗಿಲು ತಟ್ಟಿತು. ಎರಡು ಉಳಿದಿವೆ. ಅವನು ತೆರೆಯಲಿಲ್ಲ.

ಸೋಮವಾರ. ಇನ್ನೂ ಬೆಳಕು ಹರಿಯದ ಹೊತ್ತು. ಕಿಟಕಿಗೆ ಮಂಜಿನ ಹೂ ಕಟ್ಟಿತ್ತು. ಅಂಗಳದಲ್ಲಿ ಓರ್ವಿಲನ ಗಾಡಿ ಗುರ್ ಎನ್ನುತ್ತಿತ್ತು. ಡ್ವೇನ್ ಬೂಟು ಬಿಗಿದ. ಗುಂಡು ಎಣಿಸಿ ಜೇಬಿಗೆ ಹಾಕಿದ. ಕೋವಿ ಹೆಗಲಿಗೇರಿಸಿದ.

“ಡ್ವೇನ್.”

ಮಂಚದ ಮೇಲಿಂದ. ದನಿ ಒಣಗಿದ ಎಲೆಯ ಹಾಗಿತ್ತು.

“ಕೈ ಕೊಡು.”

ಅವಳ ಕೈ ಹೊದಿಕೆಯಿಂದ ಹೊರಗೆ ಬಂದಿತ್ತು. ಅಂಗೈ ಮೇಲಾಗಿ ತೆರೆದಿತ್ತು.

ಹೊರಗೆ ಹಾರ್ನ್ ಆಯಿತು. “ಓಹಾಯೋ! ಅಂಗಿಬಾಲ ಇಸ್ತ್ರಿ ಮಾಡ್ಕೊಂಡು ಬರ್ತಿದೀಯಾ?” ಎಂದು ಓರ್ವಿಲ್ ಕೂಗಿದ. ಯಾರೋ ನಕ್ಕರು.

“ಎಬ್ಬಿಸ್ಬೇಕಾ? ಮಲ್ಕೋ, ಮಲ್ಕೋ. ಬಂದ್ಮೇಲೆ ಕೊಡ್ತೀನಿ.”

ಬಾಗಿಲು ಮುಚ್ಚಿತು.

ಒಂಬತ್ತು ಗಂಟೆಗೆ ಎದುರು ದಿಣ್ಣೆಯ ಮೇಲೆ ಗಂಡುಜಿಂಕೆ ಕಾಣಿಸಿತು. ಇನ್ನೂರ ಐವತ್ತು ಹೆಜ್ಜೆ. ರೂಬೆನ್ ಬಿದ್ದ ಅದೇ ದಿಣ್ಣೆ. ದುರ್ಬೀನಿನೊಳಗೆ ಅದರ ಕಣ್ಣಿನ ರೆಪ್ಪೆ ಕೂಡ ಕಂಡಿತು. ಡ್ವೇನ್ ಉಸಿರು ಅರ್ಧ ಬಿಟ್ಟು ನಿಲ್ಲಿಸಿದ. ಒಂದೇ ಗುಂಡು. ಜಿಂಕೆ ಎರಡು ಹೆಜ್ಜೆಯೂ ಇಡಲಿಲ್ಲ, ನಿಂತಲ್ಲೇ ಕುಸಿಯಿತು.

ಹತ್ತು ಕವಲಿನ ಕೊಂಬು. ಗಂಡಸರು ಅವನ ಬೆನ್ನು ಚಪ್ಪರಿಸಿದರು. ಓರ್ವಿಲ್ ಮೊದಲ ಸಲ ಅವನನ್ನು ಹೆಸರು ಹಿಡಿದು ಕರೆದ. “ಡ್ವೇನ್, ನೀನು ಇವತ್ತು ನಮ್ಮವನಾದ್ಯಪ್ಪ.” ಅವನು ಚಾಕು ಹಿಡಿದು ಜಿಂಕೆಯ ಮೇಲೆ ಬಗ್ಗಿದ. ಗುಂಡು ಎದೆಯ ನಡುವೆ ಹೊಕ್ಕಿತ್ತು. ತೂತು ಎಲ್ಲೋ ನೋಡಿದ ಹಾಗಿತ್ತು. ಸುತ್ತಲ ಕೂದಲಿಗೆ ಏನೋ ಕಪ್ಪು ಮೆತ್ತಿಕೊಂಡಿತ್ತು. ಉಜ್ಜಿ ನೋಡಿದ.

ಇದ್ದಿಲು.

ಅವನ ಕೈಯಿಂದ ಚಾಕು ಬಿತ್ತು.

ಒಂದು ಲೋಟ ನೀರು. ಕೋಟು. ಕೈ.

ಒಂದು. ಎರಡು. ಮೂರು.

ಓಡಿದ. ದಿಣ್ಣೆ ಇಳಿದು ಓಡಿದ. ಹೊಳೆಗೆ ಬಿದ್ದ. ಎದ್ದ. ಮುಳ್ಳು ಮುಖ ಗೀರಿತು. ಉಸಿರು ಸುಟ್ಟಿತು. “ಕೊಡ್ತೀನಿ ಕಣೇ! ಕೊಡ್ತೀನಿ!” ಎಂದು ಕೂಗುತ್ತಲೇ ಓಡಿದ. ಈ ಸಲ ಎದುರು ಬೆಟ್ಟ ಸುಮ್ಮನಿರಲಿಲ್ಲ. ಅವನ ಮಾತನ್ನು ಅವನಿಗೇ ತಿರುಗಿ ಕೊಟ್ಟಿತು. ಕೊಡ್ತೀನಿ. ಕೊಡ್ತೀನಿ.

ಬಾಗಿಲು ತೆರೆದಿತ್ತು. ಡೆಲ್ಫಾ ಮಂಚದ ಪಕ್ಕದಲ್ಲಿ ಕೂತಿದ್ದಳು. ಎದ್ದೇಳಲಿಲ್ಲ. ಬೈಯಲೂ ಇಲ್ಲ. ವರ್ಡೀಯ ಕಣ್ಣನ್ನು ಆಗಲೇ ಮುಚ್ಚಿಯಾಗಿತ್ತು. ಎದೆಯ ನಡುವೆ ಗುಂಡಿಯಗಲದ ಒಂದು ನೀಲಿ ಕಲೆ, ಅಷ್ಟೇ. ರಕ್ತವಿಲ್ಲ. ಕೈ ಮಾತ್ರ ಹೊದಿಕೆಯ ಹೊರಗೇ ಇತ್ತು, ಅಂಗೈ ತೆರೆದು.

“ನಾನೆಷ್ಟು ಮಡಚಿದ್ರೂ ಮಡಚ್ತಿಲ್ಲ ಈ ಕೈ,” ಎಂದಳು ಮುದುಕಿ.

ಡ್ವೇನ್ ಆ ಕೈ ಹಿಡಿದ. ಹಿಡಿದೇ ಕೂತ. ಹೊತ್ತು ಮೀರಿದ ಮೇಲೆ ಕೊಟ್ಟದ್ದು ಕೊಟ್ಟಂತಲ್ಲ.

ಮೂರನೇ ದಿನ, ಮಣ್ಣು ಮಾಡಿ ಬಂದ ಮೇಲೆ, ಓರ್ವಿಲ್ ಕೊಟ್ಟಿಗೆಗೆ ಹೋಗಿ ಹೋಬರ್ಟನ ಕೋವಿಯನ್ನು ಮಗುಚಿ ಹಾಕಿದ. ಅಡಿಯ ಎರಡು ತಿರುಪು ಬಿಚ್ಚಿದ. ಅರ್ಧ ನಿಮಿಷದ ಕೆಲಸ. ನಳಿಗೆಯನ್ನು ಮರದಿಂದ ಎತ್ತಿದ.

ನಳಿಗೆ ಕೂರುವ ಮರದ ತೋಡಿನಲ್ಲಿ, ಎಡಬದಿಗೆ, ಕಿರುಬೆರಳ ದಪ್ಪದ ಒಂದು ಪುಟ್ಟ ಜಡೆ ಇತ್ತು. ತಾಮ್ರದ ಬಣ್ಣದ ಕೂದಲು, ನೀಲಿ ದಾರ ಸುತ್ತಿದ್ದು. ನಡುವೆ ಸುಟ್ಟು ಎರಡು ತುಂಡಾಗಿತ್ತು. ಅದರ ಕೆಳಗೆ ಮಡಚಿದ ಚೀಟಿ. ವರ್ಡೀಯ ದುಂಡನೆಯ ಅಕ್ಷರ: ‘ಮುಖ ಕಾಣದ ದೂರಕ್ಕೆ ಇದು ನೆಟ್ಟಗೆ ಹೋಗದಿರಲಿ. ನನ್ನ ಗಂಡನ ಕೈಗೆ ಯಾರ ರಕ್ತವೂ ಹತ್ತದಿರಲಿ.’

“ಹೆಂಗೆ ಕಟ್ಟೋದು ಅಂತ ಕೇಳ್ಕೊಂಡು ಬಂದಿದ್ಲು,” ಎಂದಳು ಬಾಗಿಲಲ್ಲಿ ನಿಂತ ಡೆಲ್ಫಾ. “ಕಲಿಸ್ದೆ. ನನ್ನ ಗ್ರಹಚಾರ.”

ಓರ್ವಿಲ್ ಚೀಟಿಯನ್ನು ಎರಡು ಸಲ ಓದಿದ. ಮರ ಬಿಚ್ಚು ಎಂದು ನಾನು ಹೇಳಿರಲಿಲ್ಲವೇ ಎನ್ನಲು ಬಾಯಿ ತೆರೆದ. ಮುಚ್ಚಿಕೊಂಡ. ಟೋಪಿ ಹಾಕಿಕೊಂಡು ಹೊರಟುಹೋದ. ತೊಲೆಯ ಮೇಲೆ ಜಿಂಕೆ ನೇತಾಡುತ್ತಿತ್ತು, ಸುಲಿಯುವವರಿಲ್ಲದೆ. ವಾಸನೆ ಶುರುವಾಗಿತ್ತು.

ಡ್ವೇನ್ ಕೊಡಲಿ ಹಿಡಿದು ಹೊಳೆ ದಾಟಿದ. ಆ ಮರವನ್ನೇ ಕಡಿದು ಹಾಕಬೇಕು. ಚಿತ್ರವಾದರೂ ಇಲ್ಲವಾಗಬೇಕು.

ಬೀಚ್ ಮರದ ಮುಂದೆ ಬಂದು ನಿಂತ. ಕೊಡಲಿ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು.

ಚಿತ್ರಕ್ಕೆ ಗೂನು ಇರಲಿಲ್ಲ. ಬೆನ್ನು ನೆಟ್ಟಗಾಗಿತ್ತು. ಉದ್ದ ಮೂಗಿನ ಜಾಗದಲ್ಲಿ ಅವನಿಗೆ ಚೆನ್ನಾಗಿ ಗೊತ್ತಿದ್ದ ಮುಖ. ಕೈಯಲ್ಲಿ ಕೋಲಿರಲಿಲ್ಲ. ಆ ಕೈ ತೆರೆದುಕೊಂಡು, ಅಂಗೈ ಮೇಲಾಗಿ, ಅವನ ಕಡೆಗೆ ಚಾಚಿತ್ತು.

ಬಂದ್ಮೇಲೆ ಕೊಡ್ತೀನಿ ಎಂದಿದ್ದನಲ್ಲ. ಕೊಡಲಿ ಕೆಳಗೆ ಹಾಕಿದ. ಬಲಗೈ ಚಾಚಿ ಆ ಇದ್ದಿಲ ಅಂಗೈಯ ಮೇಲೆ ಇಟ್ಟ. ತೊಗಟೆ ಬೆಚ್ಚಗಿತ್ತು. ಮೆಲ್ಲಗೆ, ತುಂಬ ಮೆಲ್ಲಗೆ, ಅದು ಅವನ ಬೆರಳುಗಳನ್ನು ಹಿಡಿದುಕೊಂಡಿತು.

ಮರುದಿನ ಓರ್ವಿಲ್ ಹುಡುಕಿಕೊಂಡು ಹೋದಾಗ ಡ್ವೇನ್ ಮರದ ಬುಡದಲ್ಲಿ ಬದುಕಿದ್ದ. ಬಲಗೈ ಮೊಣಕೈವರೆಗೆ ಬೂದುಬಣ್ಣಕ್ಕೆ ತಿರುಗಿತ್ತು. ಬೆರಳು ಮಡಚುತ್ತಿರಲಿಲ್ಲ. ಡಾಕ್ಟರು ಹಿಮದ ಪೆಟ್ಟು ಎಂದು ಬರೆದರು. ಆ ಕೈ ಮತ್ತೆಂದೂ ಟ್ರಿಗರ್ ಎಳೆಯಲಿಲ್ಲ. ಯಾರು ನೀರು ಕೇಳಿದರೂ ಈಗ ಅವನು ಎದ್ದು ಓಡುತ್ತಾನೆ, ಎಡಗೈಯಲ್ಲಿ ಲೋಟ ಹಿಡಿದು. ಅರ್ಧ ದಾರಿಗೇ ಚೆಲ್ಲಿಹೋಗುತ್ತದೆ.

ಕೋವಿ ಮಾತ್ರ ಅವತ್ತಿನಿಂದ ನೆಟ್ಟಗೆ ಹೊಡೆಯುತ್ತದೆಯಂತೆ. ಹೊಡೆದು ನೋಡಿದವರಿಲ್ಲ.